ಬೂಶ್ತಾ ಇಳಿಸಿದ ಹನ್ನೊಂದು ಕಿಲೋ

ಓಟದಲ್ಲಿ ಒಂದು ಸಲ ಕೊನೆಗೆ ಬಂದರೆ ಗ್ರಹಚಾರ ಎನ್ನಬಹುದು. ಎರಡನೆಯ ಸಲ ಬಂದರೆ ಗಾಡಿ ಸರಿಯಿರಲಿಲ್ಲ ಎನ್ನಬಹುದು. ಮೂರನೆಯ ಸಲಕ್ಕೆ ಹೇಳಲು ಏನೂ ಉಳಿಯುವುದಿಲ್ಲ. ಸಾಫಿ ಬಂದರಿನ ಮೀನು ಹರಾಜು ಕಟ್ಟೆಯಲ್ಲಿ ತೂಕ ಹಾಕುವ ಬೂಶ್ತಾ ಆ ವರ್ಷ ಈ ಮೂರನೆಯ ಸಲದ ಹೊಸ್ತಿಲಲ್ಲಿ ನಿಂತಿದ್ದ.

ಸಾಫಿಯ ಹವ್ಯಾಸಿ ಮೋಟಾರ್‌ಸೈಕಲ್ ಸಂಘದಲ್ಲಿ ಎಂಟು ಜನ. ಒಬ್ಬ ಬೇಕರಿಯವನು, ಒಬ್ಬ ಲೆಕ್ಕದ ಮೇಷ್ಟ್ರು, ಒಬ್ಬ ಔಷಧದ ಅಂಗಡಿಯವನು, ಹೀಗೆ ವಾರವೆಲ್ಲ ಯಾರ್ಯಾರಿಗೋ ತಲೆ ಬಾಗಿಸುವವರು. ವಸಂತದ ಒಂದು ಭಾನುವಾರ ಬೆಳಿಗ್ಗೆ ಮಾತ್ರ ಇವರು ಹಳೆಯ ಗಾಡಿಗಳ ಮೇಲೆ ಕೂತು ಕುಂಬಾರರ ದಿಬ್ಬಕ್ಕೆ ನಾಲ್ಕು ಸುತ್ತು ಹಾಕಿ ಸಿಂಹಗಳಾಗುತ್ತಿದ್ದರು. ಬೂಶ್ತಾನೂ ಸಿಂಹವೇ, ಹಿಂದಿನಿಂದ ಬರುವ ಸಿಂಹ. ಹೋದ ವರ್ಷ ಸೆಲ್ಲಾಮ್ ಮೇಷ್ಟ್ರು ತಿರುವಿನಲ್ಲಿ ಬಿದ್ದು, ಒಂದು ಬೂಟು ಕಳೆದುಕೊಂಡು, ಅದನ್ನು ಹುಡುಕಿ, ಲಾಡಿ ಕಟ್ಟಿಕೊಂಡು ಹೊರಟರೂ ಬೂಶ್ತಾನಿಗಿಂತ ಮೊದಲೇ ಗೆರೆ ದಾಟಿದ್ದರು.

ಸಂಘದ ಅಧ್ಯಕ್ಷ ಹಾಜ್ ಲರ್ಬಿ ನಿಯಮದ ಮನುಷ್ಯ. ನಿಯಮಗಳನ್ನು ಅವರೇ ಬರೆದಿದ್ದರಿಂದ ಅವುಗಳ ಮೇಲೆ ಹೆತ್ತ ಮಮತೆ. ಸತತವಾಗಿ ಮೂರು ವರ್ಷ ಕೊನೆಗೆ ಬಂದವನು ಓಟದ ಜಾಗ ಬಿಟ್ಟುಕೊಡಬೇಕು. ಅಂದಿನಿಂದ ಗೆರೆಯ ಹತ್ತಿರ ನಿಂತು ಬಾವುಟ ಬೀಸಬೇಕು. ಆ ಕೆಲಸವನ್ನು ಹನ್ನೊಂದು ವರ್ಷದಿಂದ ಬಾ ಅಲ್ಲಾಲ್ ಎಂಬ ಮುದುಕ ಮಾಡಿಕೊಂಡು ಬಂದಿದ್ದ. ಅವನೂ ಒಂದು ಕಾಲಕ್ಕೆ ಮೂರು ಸಲ ಕೊನೆಗೆ ಬಂದವನೇ. ಬೂಶ್ತಾ ಎರಡನೆಯ ಸಲ ಕೊನೆಗೆ ಬಂದ ದಿನದಿಂದ ಬಾ ಅಲ್ಲಾಲನಿಗೆ ಅವನ ಮೇಲೆ ಎಲ್ಲಿಲ್ಲದ ಅಕ್ಕರೆ ಹುಟ್ಟಿತ್ತು. ದಾರಿಯಲ್ಲಿ ಸಿಕ್ಕಾಗಲೆಲ್ಲ ಮನೆಮಂದಿಯ ಕ್ಷೇಮ ಕೇಳಿ, ಕೊನೆಗೆ ಕೈ ಮೇಲೆತ್ತಿದರೆ ಭುಜ ನೋಯುವುದುಂಟೋ ಎಂದು ವಿಚಾರಿಸುತ್ತಿದ್ದ.

ಬೂಶ್ತಾನಿಗೆ ಇದರಿಂದ ನಿದ್ದೆ ಹಾಳಾಯಿತು. ವರ್ಷದ ಮುನ್ನೂರ ಅರವತ್ತನಾಲ್ಕು ದಿನ ಅವನು ಬೇರೆಯವರ ಮೀನಿನ ತೂಕ ಹೇಳುತ್ತಿದ್ದ. ಅವನದೇ ಅಂತ ಇದ್ದದ್ದು ಆ ಒಂದು ಬೆಳಗು, ಆ ನಾಲ್ಕು ಸುತ್ತು. ಅದನ್ನೂ ಕೊಟ್ಟು ಬಟ್ಟೆ ಬೀಸುತ್ತ ನಿಲ್ಲುವುದೇ? ಫೆಬ್ರವರಿ ತಿಂಗಳಲ್ಲೇ ಅವನು ಗಾಡಿ ತಳ್ಳಿಕೊಂಡು ಗುಜರಿ ಸಂತೆಯಲ್ಲಿದ್ದ ಮೆಕ್ಯಾನಿಕ್ ಜಿಲಾಲಿಯ ಅಂಗಡಿಗೆ ಹೋದ. ಕಸುಬಿನ ಮರ್ಯಾದೆಗೆ ಊರೆಲ್ಲ ಅವನನ್ನು ಮಾಲೆಮ್ ಎಂದೇ ಕರೆಯುತ್ತಿತ್ತು. ಊರಿನ ರೂಢಿಯಂತೆ ಅವನೂ ಗಂಡಸರ ಹೆಸರಿನ ಮುಂದೆ 'ಸಿ' ಎಂದು ಗೌರವ ಸೇರಿಸಿಯೇ ಮಾತಾಡುತ್ತಿದ್ದ.

"ಗೆಲ್ಲೋದು ಬೇಡ ಮಾಲೆಮ್, ಏಳನೆಯವನಾದ್ರೆ ಸಾಕು," ಎಂದ ಬೂಶ್ತಾ.

ಜಿಲಾಲಿ ಗಾಡಿಯ ಸುತ್ತ ಒಂದು ಪೂರ್ತಿ ಸುತ್ತು ಹಾಕಿದ. ಆಮೇಲೆ ಬೂಶ್ತಾನ ಸುತ್ತ ಅರ್ಧ ಸುತ್ತು ಹಾಕಿ, ಹೊಟ್ಟೆಯ ಎದುರು ಬಂದಾಗ ನಿಂತು, ಗೋಡೆಯ ಕ್ಯಾಲೆಂಡರ್ ಕಡೆ ತಿರುಗಿದ. ನಲವತ್ತೆಂಟು ವರ್ಷದ ಸಂಸಾರಸ್ಥನಿಗೆ ಅವನ ಹೊಟ್ಟೆಯ ಸುದ್ದಿ ಹೇಳುವಷ್ಟು ನಡತೆಗೆಟ್ಟವನಲ್ಲ ಜಿಲಾಲಿ.

"ಎಂಜಿನ್‌ಗೆ ಇನ್ನೇನೂ ಮಾಡಕ್ಕಾಗಲ್ಲ ಸಿ ಬೂಶ್ತಾ, ಅದು ನಮ್ಮಪ್ಪ ರಿಪೇರಿ ಮಾಡ್ತಿದ್ದ ಎಂಜಿನ್ನು," ಎಂದ ಕ್ಯಾಲೆಂಡರ್‌ಗೆ. "ಆದ್ರೆ ಅದು ಎಳೆಯೋ ಭಾರ ಇಳಿಸ್ಬಹುದು. ಹತ್ತು ಕಿಲೋ ಇಳಿದ್ರೆ ಒಂದು ಕುದುರೆ ಜಾಸ್ತಿ ಕಟ್ಟಿದ ಹಾಗೆ."

ಬೂಶ್ತಾ ಕೇಳಿದ್ದು ಹತ್ತು ಕಿಲೋ, ಮತ್ತು ಕುದುರೆ. ಇಪ್ಪತ್ತೆರಡು ವರ್ಷದಿಂದ ತಕ್ಕಡಿಯ ಮುಂದೆ ನಿಂತವನಿಗೆ ತೂಕದ ಮಾತು ಅರ್ಥವಾಗದೆ ಇರುತ್ತದೆಯೇ? ಮರುದಿನವೇ ಗಾಡಿಯ ಹಿಂದಿನ ಸಾಮಾನಿನ ಕಂಬಿ ಬಿಚ್ಚಿ, ಹರಾಜು ಕಟ್ಟೆಗೆ ಒಯ್ದು, ಸಾರ್ಡೀನ್ ಮೀನಿನ ತಕ್ಕಡಿಯ ಮೇಲಿಟ್ಟು ನೋಡಿದ. ಒಂದು ಕಿಲೋ ಒಂಬೈನೂರು ಗ್ರಾಂ. ಕುದುರೆಯ ಹೆಚ್ಚು ಕಡಿಮೆ ಒಂದು ಕಾಲು ಬಂದಂತಾಯಿತು ಎಂದು ಅವನಿಗೆ ಸಂತೋಷವಾಯಿತು.

ಇಂಥ ವಿದ್ಯೆ ಬೇರೆ ಏಳು ಜನಕ್ಕೆ ಗೊತ್ತಾದರೆ ಕೆಟ್ಟಿತು. ಬೂಶ್ತಾ ಜಿಲಾಲಿಯ ಬಾಯಿಗೆ ಆಣೆಯ ಬೀಗ ಹಾಕಿದ. ಹೆಂಡತಿ ಝುಹೂರಳಿಗೂ ಹೇಳಲಿಲ್ಲ, ಏಕೆಂದರೆ ಅವಳ ತಂಗಿ ಔಷಧದ ಅಂಗಡಿಯವನ ಮನೆಗೇ ಸೊಸೆಯಾಗಿ ಹೋಗಿದ್ದಳು. ಬಿಚ್ಚಿದ ಸಾಮಾನನ್ನೆಲ್ಲ ಹಳೇ ಪೇಪರಿನಲ್ಲಿ ಸುತ್ತಿ, ಕಂಕುಳಲ್ಲಿ ಅವುಚಿಕೊಂಡು, ತಲೆ ತಗ್ಗಿಸಿ, ಗುಜರಿ ಸಂತೆಯ ದಾರಿ ಹಿಡಿದು ಜಿಲಾಲಿಯ ಅಟ್ಟದ ಮೇಲೆ ಇಟ್ಟು ಬರುತ್ತಿದ್ದ. ಹೀಗೆ ಮೊದಲ ವಾರ ಕಂಬಿ ಹೋಯಿತು. ಎರಡನೆಯ ವಾರ ಎರಡೂ ಮಡ್‌ಗಾರ್ಡ್ ಹೋದವು. ಆಮೇಲೆ ಹಾರ್ನ್, ಕನ್ನಡಿಗಳು, ಮುಂದಿನ ದೀಪ. ಸ್ಟ್ಯಾಂಡ್ ಹೋದ ಮೇಲೆ ಗಾಡಿಗೆ ತಾನಾಗಿ ನಿಲ್ಲುವ ಶಕ್ತಿ ಇಲ್ಲದೆ, ಪಕ್ಕದ ಮನೆಯ, ಎಲ್ಲರೂ ಗೌರವದಿಂದ ಲಲ್ಲಾ ಎನ್ನುವ ತಾಮೂ ಎಂಬ ವಿಧವೆಯ ಗೋಡೆಗೆ ಒರಗಿ ಜ್ವರ ಬಂದ ಕತ್ತೆಯ ಹಾಗೆ ನಿಂತಿರುತ್ತಿತ್ತು. ಕೊನೆಗೆ ಹಿಂದಿನ ಸೀಟೂ ಹೋಯಿತು. ಅಂದಿನಿಂದ ಸಂತೆಗೆ ಹೋದರೆ ಬೂಶ್ತಾ ಗಾಡಿಯ ಮೇಲೆ ಮೆಲ್ಲಗೆ ಮುಂದೆ, ಝುಹೂರ್ ತರಕಾರಿ ಚೀಲ ಹಿಡಿದು ಬಿರುಸಾಗಿ ಹಿಂದೆ.

"ಸೀಟು ಎಲ್ಲಿ?" ಎಂದು ಅವಳು ಕೇಳಿದ್ದಕ್ಕೆ, ರಿಪೇರಿಗೆ ಕೊಟ್ಟಿದ್ದೇನೆ ಎಂದ.

"ಸೀಟಿಗೆ ಏನ್ ರಿಪೇರಿ? ಅದೇನ್ ಕೆಮ್ತಿತ್ತಾ?"



ಈಗ ಇದನ್ನೇ ಗಲ್ಲಿಯ ಕಣ್ಣಿನಿಂದ ನೋಡಬೇಕು. ಅವರದು ಊರೊಟ್ಟಿನ ಒಲೆ ಇರುವ ಗಲ್ಲಿ. ಹೆಂಗಸರೆಲ್ಲ ಬೆಳಿಗ್ಗೆ ನಾದಿದ ರೊಟ್ಟಿಯನ್ನು ಹಲಗೆಯ ಮೇಲಿಟ್ಟು ಅಲ್ಲಿಗೆ ಸುಡಲು ತರುತ್ತಾರೆ. ರೊಟ್ಟಿಯ ಜೊತೆಗೆ ಸುದ್ದಿಯೂ ಬೇಯುತ್ತದೆ. ಮರ್ಯಾದಸ್ಥ ನೌಕರನೊಬ್ಬ ತನ್ನ ಗಾಡಿಯನ್ನು ಒಂದೊಂದೇ ತುಂಡು ಬಿಚ್ಚಿ, ಪೇಪರಿನಲ್ಲಿ ಮುಚ್ಚಿಕೊಂಡು, ಯಾರ ಮುಖವನ್ನೂ ನೋಡದೆ ಗುಜರಿ ಸಂತೆಗೆ ಒಯ್ಯುತ್ತಾನೆ, ಹೆಂಡತಿ ಹೊರೆ ಹೊತ್ತು ನಡೆಯುತ್ತಾಳೆ ಎಂದರೆ ಏನರ್ಥ? ಎರಡು ಮತ ಇರಲಿಲ್ಲ. ಬೂಶ್ತಾನ ಕೆಲಸ ಹೋಗಿದೆ. ಪಾಪ, ಮನೆಯಲ್ಲಿ ಹೇಳದೆ ದಿನಾ ಬಂದರಿಗೆ ಹೋಗಿ ಸುಮ್ಮನೆ ಕೂತು ಬರುತ್ತಾನೆ. ಗಾಡಿ ಮಾರಿಕೊಂಡು ತಿನ್ನುತ್ತಿದ್ದಾರೆ. ಅವನನ್ನೇ ಕೇಳಬಹುದಿತ್ತಲ್ಲ ಎಂದರೆ, ಬಿದ್ದವನನ್ನು ಬಿದ್ದೆಯಾ ಎಂದು ಕೇಳುವ ಜನ ಆ ಗಲ್ಲಿಯಲ್ಲಿ ಇರಲಿಲ್ಲ. ಸಹಾಯ ಮಾಡಿದ್ದು ಸಹಾಯವೆಂದು ಗೊತ್ತಾಗಬಾರದು. ಅದು ಅಲ್ಲಿಯ ನಡೆ.

ಮೊದಲು ಬಂದದ್ದು ಬೇಕರಿಯವನ ಹೆಂಡತಿ. ಒಣ ಬೀನ್ಸಿನ ಗಟ್ಟಿ ಸಾರನ್ನು ಅಳತೆ ತಪ್ಪಿ ಜಾಸ್ತಿ ಮಾಡಿಬಿಟ್ಟೆ ಎಂದಳು. ಮರುದಿನ ದರ್ಜಿಯ ಮನೆಯಿಂದ ಪದರ ರೊಟ್ಟಿ ಬಂತು, ಜೊತೆಗೆ ಜೇನು, ಯಾವುದೋ ಹರಕೆಯಂತೆ. ಶುಕ್ರವಾರ ಮೂರು ಕಡೆಯಿಂದ ಏಳು ತರಕಾರಿ ಹಾಕಿದ ರವೆಯ ಕುಸ್‌ಕುಸ್ ಬಂತು. ತುಂಬಿ ಬಂದ ತಟ್ಟೆಯನ್ನು ಬರಿದಾಗಿ ಹಿಂದಿರುಗಿಸುವುದು ಝುಹೂರಳ ವಂಶದಲ್ಲೇ ಇಲ್ಲ. ಅವಳು ಪ್ರತಿ ತಟ್ಟೆಗೂ ಸಾರ್ಡೀನ್ ಉಂಡೆ ಹುರಿದು, ಕಿತ್ತಳೆ ಇಟ್ಟು ಕಳಿಸಿದಳು. ಗಲ್ಲಿ ಕಣ್ಣೊರೆಸಿಕೊಂಡಿತು. ಹೊಟ್ಟೆಗಿಲ್ಲದಾಗಲೂ ಬರಿ ತಟ್ಟೆ ಕಳಿಸಲಿಲ್ಲ, ಎಂಥ ಜನ ನೋಡಿ ಎಂದು, ಮಾರನೆಯ ದಿನದಿಂದ ತಟ್ಟೆಗಳ ಬದಲು ಪರಾತಗಳೇ ಬಂದವು.

ಬಂದದ್ದನ್ನೆಲ್ಲ ತಿನ್ನಬೇಕಾದವನು ಬೂಶ್ತಾ. ಅನ್ನ ಬಿಸಾಡುವುದು ಪಾಪ, ನೆರೆಯವರದನ್ನು ಬಿಸಾಡುವುದು ಇನ್ನೂ ಪಾಪ. ಝುಹೂರಳ ಊಟವಾದರೋ ಗುಬ್ಬಿಯ ಊಟ. ಅವನು ಮನಸಾರೆ ತಿಂದ. ವಸಂತ ಬಂದರೆ ಜನರ ಮನಸ್ಸೂ ಚಿಗುರುತ್ತದೆ ಎಂದುಕೊಂಡ. ತನ್ನ ಓಟದ ಸುದ್ದಿ ಹೇಗೋ ತಿಳಿದು ಗಲ್ಲಿಯೆಲ್ಲ ಬೆಂಬಲಕ್ಕೆ ನಿಂತಿದೆಯೇನೋ ಎಂಬ ಅನುಮಾನವೂ ಬಂತು. ಆ ಅನುಮಾನವನ್ನು ಗಟ್ಟಿ ಮಾಡಿದ್ದು ಬಂದರಿನ ಸರ್ಕಲ್‌ನಲ್ಲಿದ್ದ ಪೊಲೀಸಿನವನು. ದೀಪವಿಲ್ಲದ, ಕನ್ನಡಿಯಿಲ್ಲದ, ಹಾರ್ನ್ ಇಲ್ಲದ ಗಾಡಿಯನ್ನು ಕಂಡು ಆತ ಸೀಟಿ ಊದಿ ನಿಲ್ಲಿಸಿದ. ಹತ್ತಿರ ಬಂದು ಬೂಶ್ತಾನ ಮುಖ ನೋಡಿದವನೇ ಚೀಟಿ ಪುಸ್ತಕವನ್ನು ಜೇಬಿಗೆ ಹಾಕಿಕೊಂಡ. ಆತನ ತಾಯಿಯೂ ಅದೇ ಒಲೆಗೆ ರೊಟ್ಟಿ ತರುತ್ತಿದ್ದಳು. ಎಲ್ಲ ಗೊತ್ತು, ಧೈರ್ಯವಾಗಿರಿ ಎಂದು ಭುಜ ತಟ್ಟಿ, ಮಧ್ಯಾಹ್ನಕ್ಕೆ ತಂದಿದ್ದ ತನ್ನ ಬುತ್ತಿಯನ್ನೇ ಹ್ಯಾಂಡಲಿಗೆ ಕಟ್ಟಿ, ಉಳಿದ ಗಾಡಿಗಳನ್ನೆಲ್ಲ ತಡೆದು ದಾರಿ ಬಿಡಿಸಿದ. ಪೊಲೀಸ್ ಇಲಾಖೆಯಲ್ಲೂ ಇಷ್ಟು ಕ್ರೀಡಾಭಿಮಾನ ಇದೆಯೆಂದು ಬೂಶ್ತಾನಿಗೆ ತಿಳಿದಿರಲಿಲ್ಲ. ಬುತ್ತಿಯಲ್ಲಿ ಆಲಿವ್ ಹಾಕಿದ ಕೋಳಿ ಇತ್ತು.

ಏಪ್ರಿಲ್ ಮೊದಲ ವಾರಕ್ಕೆ ಗಾಡಿಯಿಂದ ಹನ್ನೊಂದು ಕಿಲೋ ಇಳಿದಿತ್ತು. ಬ್ರೇಕಿನ ಹಿಡಿಗೂ ತೂತು ಕೊರೆದಾಗಿತ್ತು. ಜಿಲಾಲಿ ಗಡಿಯಾರ ಹಿಡಿದು ನಿಂತು ದಿಬ್ಬಕ್ಕೆ ಒಂದು ಸುತ್ತು ಹಾಕಿಸಿದ. ಹೋದ ವರ್ಷಕ್ಕಿಂತ ಎರಡು ಸೆಕೆಂಡು ತಡವಾಗಿತ್ತು. ಗಡಿಯಾರ ಕೊಡವಿ ಇನ್ನೊಂದು ಸುತ್ತು ಹಾಕಿಸಿದ. ಮೂರು ಸೆಕೆಂಡು ತಡ. ಆಗ ಜಿಲಾಲಿ ಏನೂ ಮಾತಾಡದೆ ಗಾಡಿಯನ್ನೂ ಅದರ ಯಜಮಾನನನ್ನೂ ಹರಾಜು ಕಟ್ಟೆಗೆ ಕರೆತಂದು ದೊಡ್ಡ ತಕ್ಕಡಿ ಹತ್ತಿಸಿದ. ಹೋದ ವರ್ಷ ಓಟಕ್ಕೆ ಮುಂಚೆ ಹಾಜ್ ಲರ್ಬಿ ಎಲ್ಲರನ್ನೂ ಗಾಡಿ ಸಮೇತ ತೂಗಿಸಿ ಬರೆದಿಟ್ಟ ಚೀಟಿ ಜಿಲಾಲಿಯ ಹತ್ತಿರವಿತ್ತು. ಎರಡನ್ನೂ ನೋಡಿದ. ಒಟ್ಟು ತೂಕ ಅರ್ಧ ಕಿಲೋ ಏರಿತ್ತು.

"ಗಾಡಿ ಹನ್ನೊಂದು ಕಿಲೋ ಇಳಿದಿದೆ ಸಿ ಬೂಶ್ತಾ, ಅದು ನನ್ನ ಅಟ್ಟದ ಮೇಲೆ ಭದ್ರವಾಗಿದೆ," ಎಂದ ಜಿಲಾಲಿ. ಈ ಸಲ ನೋಡಲು ಹತ್ತಿರದಲ್ಲಿ ಕ್ಯಾಲೆಂಡರ್ ಇರಲಿಲ್ಲ. "ಉಳಿದದ್ದು ಎಲ್ಲಿಂದ ಬಂತು ನೀವೇ ಹೇಳ್ಬೇಕು."

ಬೂಶ್ತಾ ಕೆಳಗೆ ನೋಡಿದ. ಅಂಗಿಯ ಕೆಳಗಿನ ಎರಡು ಗುಂಡಿ ಯಾವಾಗಲೋ ರಾಜೀನಾಮೆ ಕೊಟ್ಟಿದ್ದವು. ಓಟಕ್ಕೆ ಇನ್ನು ಹತ್ತು ದಿನ. ಇವತ್ತಿನಿಂದ ಒಂದು ಅಗುಳೂ ಹೆಚ್ಚಿಗೆ ಮುಟ್ಟುವುದಿಲ್ಲ, ಬಂದ ತಟ್ಟೆಯನ್ನು ಬಾಗಿಲಲ್ಲೇ ಕೈ ಮುಗಿದು ವಾಪಸ್ಸು ಕಳಿಸುತ್ತೇನೆ ಎಂದು ನಿರ್ಧರಿಸಿಕೊಂಡು ಮನೆಗೆ ಬಂದ.

ಮನೆಯಲ್ಲಿ ಝುಹೂರ್ ಸೊಂಟಕ್ಕೆ ಕೈಕೊಟ್ಟು ಕಾಯುತ್ತಿದ್ದಳು. ನಡುಮನೆಯಲ್ಲಿ ಎರಡು ದೊಡ್ಡ ಬುಟ್ಟಿಗಳಿದ್ದವು: ಹಿಟ್ಟು, ಎಣ್ಣೆ, ನೀಲಿ ಕಾಗದ ಸುತ್ತಿದ ಎರಡೆರಡು ಕಿಲೋದ ಸಕ್ಕರೆ ಅಚ್ಚುಗಳು. ಬೆಳಿಗ್ಗೆ ಬಡಾವಣೆಯ ಉಸ್ತುವಾರಿ ನೋಡುವ ಸರ್ಕಾರಿ ಮೊಕದ್ದಮ ಒಂದು ಬುಟ್ಟಿ ಹೊರಿಸಿಕೊಂಡು ಬಂದಿದ್ದನಂತೆ. ಕಷ್ಟದಲ್ಲಿದ್ದೂ ಕೈಚಾಚದವರ ಪಟ್ಟಿಯಲ್ಲಿ ನಿಮ್ಮ ಹೆಸರು ಬಂದಿದೆ ಎಂದನಂತೆ. ನಮಗೇನೂ ಕಷ್ಟವಿಲ್ಲ, ಸಂಬಳ ಸರಿಯಾಗಿ ಬರುತ್ತಿದೆ ಎಂದು ಇವಳು ಗಟ್ಟಿಯಾಗಿಯೇ ಹೇಳಿದಳು. ಮೊಕದ್ದಮ ತಲೆಯಾಡಿಸಿ, ಮರ್ಯಾದಸ್ಥರು ಮೊದಲು ಹೀಗೇ ಹೇಳುವುದು ಎಂದು ಪಟ್ಟಿಯಲ್ಲಿ ಏನೋ ಗುರುತು ಹಾಕಿಕೊಂಡು, ಮಧ್ಯಾಹ್ನ ಎರಡನೆಯ ಬುಟ್ಟಿ ತಂದಿಟ್ಟು ಹೋದ.

"ನನ್ನ ತವರಿಗೆ ಗೊತ್ತಾದ್ರೆ ಏನ್ ಹೇಳ್ಲಿ?" ಎಂದಳು ಝುಹೂರ್. "ಗಾಡಿ ಕಿತ್ತು ಕಿತ್ತು ಎಲ್ಲಿಗೆ ಒಯ್ದೆ ಅಂತ ಈಗ ನನ್ ಮುಂದೆ ಬಾಯಿ ಬಿಡು ಬೂಶ್ತಾ. ಮಾರಿದ್ದಾ, ಜೂಜಾ, ಇನ್ನೊಂದು ಸಂಸಾರವಾ?"

ಬೂಶ್ತಾ ಬಾಯಿ ಬಿಟ್ಟ. ಬಾವುಟ, ಬಾ ಅಲ್ಲಾಲ್, ಹತ್ತು ಕಿಲೋ, ಕುದುರೆ ಎಲ್ಲ ಹೇಳಿದ. ಝುಹೂರ್ ಪೂರ್ತಿ ಕೇಳಿ, ಬುಟ್ಟಿಯ ಅಂಚಿನ ಮೇಲೆ ಕೂತು, ತಲೆವಸ್ತ್ರದಿಂದ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಅವನಿಗೆ ತಿಳಿಯಲಿಲ್ಲ. ಅವಳು ಎದ್ದಾಗ ಮಾತು ಖಂಡಿತವಾಗಿತ್ತು. ಬುಟ್ಟಿಗಳು ಈಗಲೇ ಅನಾಥಾಲಯಕ್ಕೆ ಹೋಗಬೇಕು. ಬೂಶ್ತಾ ಮನೆಮನೆಗೆ ಹೋಗಿ ನಿಜ ಹೇಳಬೇಕು, ಮೊದಲು ಲಲ್ಲಾ ತಾಮೂ ಮನೆಗೆ, ಏಕೆಂದರೆ ಎಲ್ಲರಿಗಿಂತ ಹೆಚ್ಚು ತಟ್ಟೆ ಬಂದದ್ದು ಅಲ್ಲಿಂದಲೇ.

ಬುಟ್ಟಿಗಳು ಹೋದವು. ತಮಗೇ ಇಲ್ಲದಾಗಲೂ ಅನಾಥರಿಗೆ ಕೊಟ್ಟರು ಎಂದು ಒಲೆಯ ಬಳಿ ಅವತ್ತೆಲ್ಲ ಅದೇ ಮಾತಂತೆ.

ಲಲ್ಲಾ ತಾಮೂಳ ಗಂಡ ಸಾರ್ಡೀನ್ ದೋಣಿಯೊಂದಿಗೆ ಹೋದವನು ಮರಳಿ ಬಂದಿರಲಿಲ್ಲ. ಅದಾಗಿ ಇಪ್ಪತ್ತಾರು ವರ್ಷ. ಡಬ್ಬಿ ಮೀನಿನ ಕಾರ್ಖಾನೆಯಲ್ಲಿ ಕೈ ನಡೆಯುವಷ್ಟು ದಿನ ಕೆಲಸ ಮಾಡಿದ್ದಳು; ಉಳಿದದ್ದನ್ನು ಗಲ್ಲಿ ನೋಡಿಕೊಂಡಿತ್ತು. ಬೂಶ್ತಾ ಹೋದಾಗ ಅವಳು ಅಂಗಳದಲ್ಲಿ ಕೂತು ಒಂದು ಕೋಳಿಯ ಪುಕ್ಕ ಕೀಳುತ್ತಿದ್ದಳು. ಮಾಳಿಗೆಯ ಮೇಲೆ ಅವಳು ಸಾಕಿದ ನಾಲ್ಕರಲ್ಲಿ ಅದು ಮೂರನೆಯದು ಎಂಬುದು ಅವನಿಗೆ ಆಗ ಹೊಳೆಯಿತು. ಮೊದಲಿನ ಎರಡು ಎಲ್ಲಿಗೆ ಹೋಗಿದ್ದವು ಎಂಬುದು ಅವನ ಹೊಟ್ಟೆಗೆ ಗೊತ್ತಿತ್ತು. ಬಾಣಂತಿಗೆ ಶಕ್ತಿ ಬರಲೆಂದು ಮಾಡುವ ಮೆಂತ್ಯದ ಕೋಳಿ ಸಾರನ್ನು ಅವಳು ಇವನಿಗೆ ಮಾಡಿ ಕಳಿಸುತ್ತಿದ್ದಳು.

"ಒಂದು ಮಾತು ಹೇಳ್ಬೇಕಿತ್ತು ಲಲ್ಲಾ. ಆ ತಟ್ಟೆ ವಿಷಯ," ಎಂದು ಬೂಶ್ತಾ ಶುರುಮಾಡಿದ.

"ಗೊತ್ತಾಯ್ತೇನು ನಿಂಗೆ," ಎಂದಳು ಲಲ್ಲಾ ತಾಮೂ, ಪುಕ್ಕ ಕೀಳುತ್ತಲೇ. "ಗೊತ್ತಾಗ್ಬಾರ್ದು ಅಂತಿದ್ದೆ. ಆಗ್ಲಿ ಬಿಡು, ನಾಚ್ಕೋಬೇಡ. ನನ್ನ ಕೇಳು. ಇಪ್ಪತ್ತಾರು ವರ್ಷ ಈ ಗಲ್ಲಿ ಕೊಟ್ಟಿದ್ದನ್ನ ತಿಂದೆ ಮಗಾ. ಒಬ್ರೂ ಮುಖ ಸಣ್ಣ ಮಾಡ್ಲಿಲ್ಲ. ಆದ್ರೆ ನಂಗೆ ಬಾಗ್ಲು ತೆಗೆಯೋದೊಂದೇ ಗೊತ್ತಿತ್ತು. ತಟ್ಟೆ ಹಿಡ್ಕೊಂಡು ಇನ್ನೊಬ್ರ ಬಾಗ್ಲು ಬಡಿಯೋದು ಹೆಂಗಿರತ್ತೆ ಅಂತ ಮರ್ತೇ ಹೋಗಿತ್ತು. ಈ ಎರಡು ತಿಂಗಳು ಬಡಿದೆ ನೋಡು." ಅವಳು ಕೈ ನಿಲ್ಲಿಸಿದಳು. "ನಿನ್ನ ಕಷ್ಟ ಬೇಗ ಕಳೀಲಿ ಅಂತ ದಿನಾ ದೇವ್ರನ್ನ ಕೇಳ್ತೀನಿ. ಆಮೇಲೆ ಒಂದು ವಾರ ತಡವಾಗಿ ಕಳೆದ್ರೂ ಪರ್ವಾಗಿಲ್ಲ ಅಂತ ಅನಿಸ್ಬಿಡತ್ತೆ. ತಪ್ಪಲ್ವಾ ಅದು?"

ಬೂಶ್ತಾ ಬಹಳ ಹೊತ್ತು ಕೋಳಿಯನ್ನು ನೋಡಿದ.

"ಏನೂ ತಪ್ಪಿಲ್ಲ ಲಲ್ಲಾ," ಎಂದ. "ನಾನು ಹೇಳಕ್ಕೆ ಬಂದಿದ್ದು, ಮೆಂತ್ಯ ಒಂಚೂರು ಜಾಸ್ತಿ ಇದ್ರೆ ಇನ್ನೂ ಚೆನ್ನಾಗಿರತ್ತೆ ಅಂತ."

ಬೇರೆ ಯಾರ ಬಾಗಿಲಿಗೂ ಹೋಗದೆ ನೇರ ಮನೆಗೆ ಬಂದು ಝುಹೂರಳಿಗೆ ನಡೆದದ್ದನ್ನು ಹೇಳಿದ. ಅವಳು ಬೈಯಲಿಲ್ಲ. ಸುಮ್ಮನೆ ಒಳಗೆ ಹೋಗಿ ದೊಡ್ಡ ಚಮಚ ತಂದಿಟ್ಟಳು. ಆ ಹತ್ತು ದಿನವೂ ಬೂಶ್ತಾ ಪ್ರತಿ ತುತ್ತಿಗೂ ತನ್ನ ಓಟದ ಜಾಗ ಇಷ್ಟಿಷ್ಟೇ ಜಾರುವುದನ್ನು ಕಾಣುತ್ತ, ತಟ್ಟೆಯ ತಳ ಹೊಳೆಯುವಂತೆ ಊಟ ಮಾಡಿದ.

ಓಟದ ಭಾನುವಾರ ಬಂತು. ಮೀನು ವ್ಯಾಪಾರಿಗಳು ಗೆದ್ದವನಿಗೆಂದು ಕೊಟ್ಟ ಟಗರನ್ನು ಗೆರೆಯ ಹತ್ತಿರ ಕಟ್ಟಿದ್ದರು. ಒಲೆಯ ಗಲ್ಲಿ ಪೂರ್ತಿ ಬಂದಿತ್ತು. ಲಲ್ಲಾ ತಾಮೂ ಮುಂದಿನ ಸಾಲಿನಲ್ಲಿ ಒಂದು ಕುಂಬಾರನ ಮಡಕೆಯನ್ನು ಬೋರಲು ಹಾಕಿ ಅದರ ಮೇಲೆ ಕೂತಿದ್ದಳು. ಬಾ ಅಲ್ಲಾಲ್ ಬಾವುಟವನ್ನು ಒಗೆದು ಇಸ್ತ್ರಿ ಮಾಡಿಸಿ ತಂದಿದ್ದ, ಇನ್ನೊಬ್ಬರ ಕೈಗೆ ಕೊಡುವ ವಸ್ತು ಚೊಕ್ಕಟವಾಗಿರಬೇಕಲ್ಲ.

ಉಳಿದ ಏಳು ಸವಾರರ ಕಿವಿಗೂ ಸುದ್ದಿ ಬಿದ್ದಿತ್ತು. ಏಳೂ ಜನ ಬೇರೆ ಬೇರೆಯಾಗಿ, ಒಬ್ಬರಿಗೊಬ್ಬರು ಹೇಳದೆ, ಆ ಟಗರು ಬೂಶ್ತಾನ ಮನೆ ಸೇರಬೇಕೆಂದು ನಿರ್ಧರಿಸಿದ್ದರು. ಗುಟ್ಟಾಗಿ ಮಾಡಿದ ದಾನಕ್ಕೆ ತಾನೆ ಪುಣ್ಯ. ತಾನೊಬ್ಬ ನಿಧಾನ ಮಾಡಿದರೆ ಯಾರಿಗೂ ತಿಳಿಯುವುದಿಲ್ಲ ಎಂದು ಪ್ರತಿಯೊಬ್ಬನೂ ಎಣಿಸಿದ್ದ.

ಬಾವುಟ ಬಿತ್ತು. ಎಂಟು ಎಂಜಿನ್‌ಗಳು ಗುಡುಗಿದವು. ಬೂಶ್ತಾನ ಗಾಡಿ ಮೊದಲ ತಿರುವಿನಲ್ಲೇ ಔಷಧದ ಅಂಗಡಿಯವನನ್ನು ಹಿಂದೆ ಹಾಕಿತು. ಆತ ಗಾಡಿ ನಿಲ್ಲಿಸಿ ಕೈಗವಸಿನ ಬೆರಳುಗಳನ್ನು ಒಂದೊಂದಾಗಿ ಸರಿಮಾಡಿಕೊಳ್ಳುತ್ತಿದ್ದ. ಎರಡನೆಯ ಸುತ್ತಿನಲ್ಲಿ ಬೇಕರಿಯವನು ಕಾಲು ಹಿಡಿದುಕೊಂಡಿತೆಂದು ರಸ್ತೆ ಪಕ್ಕ ಕೂತು, ಹಿಡಿದುಕೊಂಡದ್ದು ಯಾವ ಕಾಲೆಂದು ಮರೆತು ಎರಡನ್ನೂ ತಿಕ್ಕುತ್ತಿದ್ದ. ಬೂಶ್ತಾನಿಗೆ ಮೈಯೆಲ್ಲ ರೋಮಾಂಚನ. ಹನ್ನೊಂದು ಕಿಲೋ ಅಂದರೆ ಸುಮ್ಮನೆ ಅಲ್ಲ ಎಂದುಕೊಂಡ. ವಿದ್ಯೆ ಕೈಕೊಡಲಿಲ್ಲ, ಗಡಿಯಾರವೇ ಕೆಟ್ಟಿರಬೇಕು ಎಂದುಕೊಂಡ. ಮೂರನೆಯ ಸುತ್ತಿಗೆ ಅವನ ಮುಂದೆ ಇದ್ದವರು ಇಬ್ಬರೇ: ಸೆಲ್ಲಾಮ್ ಮೇಷ್ಟ್ರು, ಮತ್ತು ಹೂಜಿ ಹೊತ್ತ ಒಂದು ಕತ್ತೆ. ಕತ್ತೆ ಸ್ಪರ್ಧೆಯಲ್ಲಿ ಇರಲಿಲ್ಲ, ತನ್ನ ಪಾಡಿಗೆ ಭಟ್ಟಿಯಿಂದ ಅಂಗಡಿಗೆ ಹೋಗುತ್ತಿತ್ತು. ಅದು ಮೇಷ್ಟ್ರನ್ನು ದಾಟಿ ಮುಂದೆ ಹೋಯಿತು.

ಕೊನೆಯ ಸುತ್ತಿನ ಕೊನೆಯ ತಿರುವಿನಲ್ಲಿ ಮೇಷ್ಟ್ರು ಗಾಡಿಯಿಂದ ಇಳಿದು ತಳ್ಳುತ್ತಿದ್ದರು. ಬೂಶ್ತಾ ಪಕ್ಕಕ್ಕೆ ಬಂದು ಏನಾಯಿತೆಂದು ಕೇಳಿದ.

"ಎಂಜಿನ್ ನಿಂತೋಯ್ತು ಸಿ ಬೂಶ್ತಾ. ನೀವು ಹೋಗಿ, ಹೋಗಿ," ಎಂದು ಮೇಷ್ಟ್ರು ಗಂಟಲು ಹರಿಯುವಂತೆ ಕೂಗಿದರು. ಕೂಗಲೇಬೇಕಿತ್ತು, ಏಕೆಂದರೆ ಎಂಜಿನ್ ಅಷ್ಟು ಜೋರಾಗಿ ಓಡುತ್ತಿತ್ತು.

ಲೆಕ್ಕ ಕಲಿಸಬಲ್ಲವರೆಲ್ಲ ಸುಳ್ಳು ಹೇಳಬಲ್ಲವರಲ್ಲ. ಬೂಶ್ತಾನಿಗೆ ಒಮ್ಮೆಗೇ ಎಲ್ಲ ಅರ್ಥವಾಯಿತು: ಕೈಗವಸು, ಎರಡು ಕಾಲು, ಟಗರು. ಮುಂದೆ ಗೆರೆ ಕಾಣುತ್ತಿತ್ತು, ಬಾ ಅಲ್ಲಾಲನ ಇಳಿಬಿದ್ದ ಮುಖವೂ ಕಾಣುತ್ತಿತ್ತು. ಇನ್ನು ಇಪ್ಪತ್ತು ಮಾರು ಹೋದರೆ ಅವನ ಜಾಗ ಅವನಿಗೆ ಉಳಿಯುತ್ತದೆ, ಮುಂದಿನ ವರ್ಷವೂ, ಅದರ ಮುಂದಿನ ವರ್ಷವೂ. ಆದರೆ ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ತಕ್ಕಡಿಯ ತಟ್ಟೆಗೆ ಬೆರಳು ಒತ್ತದ ಮನುಷ್ಯ ಅವನು. ಈಗ ಅವನ ಕಡೆಯ ತಟ್ಟೆಯ ಮೇಲೆ ಏಳು ಜನ ಒಟ್ಟಿಗೆ ಕೂತಿದ್ದರು.

ಬೂಶ್ತಾ ಗೆರೆಗೆ ಹತ್ತು ಹೆಜ್ಜೆ ಹಿಂದೆ ಬ್ರೇಕ್ ಹಾಕಿ ನಿಂತುಬಿಟ್ಟ.

ಮೇಷ್ಟ್ರು ಬಂದು ಅವನ ಹಿಂದೆ ನಿಂತರು. ಬೇಕರಿಯವನು ಬಂದು ಮೇಷ್ಟ್ರ ಹಿಂದೆ ನಿಂತ. ಒಬ್ಬೊಬ್ಬರಾಗಿ ಏಳು ಜನವೂ ಬಂದು, ಮದುವೆ ಮನೆಯ ಬಾಗಿಲಲ್ಲಿ ಹಿರಿಯರನ್ನು ಮುಂದೆ ಬಿಡುವವರ ಹಾಗೆ ನಿಂತರು. ನೀವು ನಡೆಯಿರಿ ಎಂದ ಬೂಶ್ತಾ. ಉಂಟೇ, ನೀವು ಎಂದರು ಮೇಷ್ಟ್ರು. ನಿಮ್ಮನ್ನು ಬಿಟ್ಟು ಹೋದರೆ ನನ್ನ ಹೆಂಡತಿ ಮನೆಗೆ ಸೇರಿಸುವುದಿಲ್ಲ ಎಂದ ಬೇಕರಿಯವನು. ಎಂಟೂ ಎಂಜಿನ್‌ಗಳು ನಿಂತಲ್ಲೇ ಗುರುಗುಟ್ಟುತ್ತಿದ್ದವು. ಹಾಜ್ ಲರ್ಬಿ ನಿಯಮದ ಪುಸ್ತಕವನ್ನು ಮುಂದಿನಿಂದಲೂ ಹಿಂದಿನಿಂದಲೂ ತಿರುವಿದರು. ಯಾರೂ ಗೆಲ್ಲಲು ಒಪ್ಪದಿದ್ದರೆ ಏನು ಮಾಡಬೇಕೆಂದು ಅವರು ಬರೆದಿರಲಿಲ್ಲ. ನಗರಸಭೆಯ ಪರವಾನಗಿ ಮಧ್ಯಾಹ್ನದವರೆಗೆ ಮಾತ್ರ, ದಯವಿಟ್ಟು ಯಾರಾದರೂ ಒಬ್ಬರು ದಾಟಿ ಎಂದು ಬೇಡಿಕೊಂಡರು.

ಬೂಶ್ತಾ ಏಳು ಜನರನ್ನೂ ಹಾಜ್ ಲರ್ಬಿಯವರನ್ನೂ ಹತ್ತಿರ ಕರೆದ. ತಲೆಗೆ ತಲೆ ತಾಗುವಂತೆ ಬಾಗಿ ನಿಂತರು. ಎಂಜಿನ್‌ಗಳ ಸದ್ದಿಗೆ ಅವನ ಮಾತು ಆ ಗುಂಪಿನಿಂದ ಆಚೆ ಹೋಗುವಂತಿರಲಿಲ್ಲ.

"ನನ್ನ ಕೆಲ್ಸ ಹೋಗಿಲ್ಲ," ಎಂದ. "ಸಂಬ್ಳ ಬರ್ತಿದೆ. ಗಾಡಿ ಹಗುರಾಗ್ಲಿ ಅಂತ ಬಿಚ್ಚಿಟ್ಟೆ, ನಿಮ್ಮನ್ನ ಸೋಲ್ಸಕ್ಕೆ."

ಏಳು ಜನವೂ ತಿರುಗಿ ಅವನ ಬೋಳು ಗಾಡಿಯನ್ನು ನೋಡಿದರು.

"ಹಾಗಾದ್ರೆ ನನ್ನ ಹೆಂಡ್ತಿ ಎರಡು ತಿಂಗಳು ಕಳಿಸಿದ್ದು?" ಎಂದ ಬೇಕರಿಯವನು.

"ಎಲ್ಲಾ ಇಲ್ಲೇ ಇದೆ," ಎಂದು ಬೂಶ್ತಾ ಅಂಗಿ ಎತ್ತಿ ತೋರಿಸಿದ. "ಒಂದು ಗ್ರಾಂ ಹಾಳಾಗಿಲ್ಲ. ನಿಮ್ಮೆಲ್ಲರ ಋಣ ನನ್ನ ಮೈಮೇಲೇ ಇದೆ. ಒಂದೇ ಒಂದು ಕೇಳ್ಕೋತೀನಿ, ಲಲ್ಲಾ ತಾಮೂ ಕಿವಿಗೆ ಮಾತ್ರ ಇದು ಬೀಳೋದು ಬೇಡ."

ಮೊದಲು ನಕ್ಕದ್ದು ಮೇಷ್ಟ್ರು. ಆಮೇಲೆ ಔಷಧದ ಅಂಗಡಿಯವನು. ನಗು ಸುತ್ತಿ ಬಂದು ಬೇಕರಿಯವನನ್ನು ಮುಟ್ಟುವಷ್ಟರಲ್ಲಿ ಅವನಿಗೆ ಗಾಡಿ ಹಿಡಿದು ನಿಲ್ಲಲಾಗಲಿಲ್ಲ. ದೂರದಿಂದ ನೋಡುತ್ತಿದ್ದ ಗಲ್ಲಿಗೆ ಅವರೆಲ್ಲ ಒಬ್ಬರನ್ನೊಬ್ಬರು ತಬ್ಬಿ ಅಳುತ್ತಿರುವಂತೆ ಕಂಡಿತು, ಅಲ್ಲೂ ಕಣ್ಣೊರೆಸಿಕೊಂಡರು. ಹಾಜ್ ಲರ್ಬಿ ನಗಲಿಲ್ಲ. ಕೊನೆಯ ಸುತ್ತನ್ನು ಮತ್ತೆ ಓಡಬೇಕು, ಮತ್ತು ಈ ಸಲ ಓಡಬೇಕು ಎಂದು ಆಜ್ಞೆ ಮಾಡಿದರು.

ಈ ಸಲ ಓಡಿದರು. ಏಳು ಜನ ಏಳು ಗುಂಡಿನ ಹಾಗೆ ಹಾರಿಹೋದರು. ಟಗರು ಮೇಷ್ಟ್ರಿಗೆ ಹೋಯಿತು. ಏಳನೆಯವನು ಗೆರೆ ದಾಟಿ, ಇಳಿದು, ನೀರು ಕುಡಿದು, ಬಾಯಿ ಒರೆಸಿಕೊಂಡ ಮೇಲೆ ಬೂಶ್ತಾನ ಗಾಡಿ ತಿರುವಿನಲ್ಲಿ ಕಾಣಿಸಿತು. ಎರಡು ತಿಂಗಳ ಬೀನ್ಸ್ ಸಾರು, ಪದರ ರೊಟ್ಟಿ, ಆಲಿವ್ ಕೋಳಿ, ಒಟ್ಟು ನಾಲ್ಕು ಮಾಳಿಗೆ ಕೋಳಿ ಎಲ್ಲವನ್ನೂ ಹೊತ್ತುಕೊಂಡು ಏದುಸಿರು ಬಿಡುತ್ತ ಬಂತು. ಅದರ ಮೇಲೆ ಕೂತವನ ಮುಖದಲ್ಲಿ ಮಾತ್ರ ಸೋತ ಕಳೆ ಇರಲಿಲ್ಲ. ತೂಕ ಸರಿಯಾಗಿ ಬಿದ್ದಿತ್ತು.

ಬಾ ಅಲ್ಲಾಲ್ ಬಾವುಟ ಬೀಸಿದ, ಹನ್ನೊಂದು ವರ್ಷದಲ್ಲಿ ಯಾರಿಗೂ ಅಷ್ಟು ಹುರುಪಿನಿಂದ ಬೀಸಿರಲಿಲ್ಲ. ಬೂಶ್ತಾ ಇಳಿಯುತ್ತಲೇ ಮುದುಕ ಅವನ ಎರಡೂ ಕೆನ್ನೆಗೆ ಎರಡೆರಡು ಮುತ್ತು ಕೊಟ್ಟು, ತನ್ನ ತಲೆಯ ಮೇಲಿದ್ದ ಸಂಘದ ಟೋಪಿಯನ್ನು ಅವನ ತಲೆಗಿಟ್ಟು, ಕೊರಳಿಗೆ ಸೀಟಿ ಹಾಕಿ, ಕೈಯಲ್ಲಿ ಬಾವುಟ ಇಟ್ಟು, ಮೂವತ್ತರ ಹರೆಯದವನ ಹಾಗೆ ಕೈ ಬೀಸುತ್ತ ಹೊರಟುಹೋದ. ಹಾಜ್ ಲರ್ಬಿ ಪುಸ್ತಕದಲ್ಲಿ ಹೆಸರು ಬರೆದುಕೊಂಡು, ಬೂಶ್ತಾನ ಕೈ ಕುಲುಕಿದರು.

ಇದೆಲ್ಲವನ್ನೂ ಬೋರಲು ಮಡಕೆಯ ಮೇಲಿಂದ ನೋಡುತ್ತಿದ್ದ ಲಲ್ಲಾ ತಾಮೂ ಎದ್ದು, ಜನರನ್ನು ಮೊಣಕೈಯಿಂದ ಸರಿಸಿ, ಮುಂದೆ ಬಂದಳು. ಟೋಪಿ ನೋಡಿದಳು. ಸೀಟಿ ನೋಡಿದಳು. ಪುಸ್ತಕ ಹಿಡಿದ ದೊಡ್ಡ ಮನುಷ್ಯರನ್ನು ನೋಡಿದಳು.

"ಕೆಲ್ಸ ಕೊಟ್ರಾ ಮಗಾ?" ಎಂದು ಕೇಳಿದಳು.

ಏಳು ಸವಾರರೂ ನೆಲ ನೋಡಿದರು. ನಿಯಮದ ಮನುಷ್ಯ ಹಾಜ್ ಲರ್ಬಿ ಆಕಾಶ ನೋಡಿದರು. ಬೂಶ್ತಾ ಝುಹೂರಳ ಕಡೆ ನೋಡಿದ. ಅವಳು ಕಣ್ಣಲ್ಲೇ ಹೂಂ ಎಂದಳು.

"ಕೊಟ್ರು ಲಲ್ಲಾ," ಎಂದ ಬೂಶ್ತಾ. "ನಿಮ್ಮ ಕೈ ಊಟ ಇಲ್ದೇ ಹೋಗಿದ್ರೆ ಸಿಗ್ತಿರ್ಲಿಲ್ಲ."

ತೂಕದವನ ಮಾತು, ಅದರಲ್ಲಿ ಒಂದು ಗ್ರಾಂ ಸುಳ್ಳು ಇರಲಿಲ್ಲ. ಲಲ್ಲಾ ತಾಮೂ ಹಿಂದೆ ತಿರುಗಿ ಇಡೀ ಗಲ್ಲಿಗೆ ಕೇಳುವಂತೆ ನಾಲಿಗೆ ಹೊರಳಿಸಿ ಉಲುಲು ಹಾಕಿದಳು. ಹೆಂಗಸರೆಲ್ಲ ದನಿಗೂಡಿಸಿದರು. ಆಮೇಲೆ ಅವಳು, ಸಂಸಾರ ಕಂಡ ಹೆಂಗಸು, ಮತ್ತೆ ಇವನ ಕಡೆ ಬಾಗಿ ದನಿ ತಗ್ಗಿಸಿದಳು.

"ಕಾಯಂ ತಾನೆ? ನಾಳೆ ನಾಳಿದ್ದು ತೆಗೆದುಹಾಕಲ್ವಲ್ಲ?"

ಬೂಶ್ತಾ ಬಾವುಟವನ್ನು ಒಮ್ಮೆ ಮೇಲೆತ್ತಿ ನೋಡಿದ. ಭುಜ ನೋಯಲಿಲ್ಲ.

"ಕಾಯಂ ಲಲ್ಲಾ," ಎಂದ.